ಕರೀಬಾವಿ ಬಂಗಲೆಯ ಬೆಳಗಿನ ಆಟ

ಕೆಂಚೇಶನಿಗೆ ಸಿನಿಮಾದ ಬಗ್ಗೆ ಮಾತಾಡಲು ನ್ಯಾಮತಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಊರಿನವರು ಸಿನಿಮಾ ನೋಡುತ್ತಿರಲಿಲ್ಲ ಎಂದಲ್ಲ. ಬಸ್ಸಿನಲ್ಲಿ, ಗಲ್ಲಾಪೆಟ್ಟಿಗೆಯ ಹಿಂದೆ, ಊಟದ ತಟ್ಟೆಯ ಪಕ್ಕ ಮೊಬೈಲು ಒರಗಿಸಿಕೊಂಡು ನೋಡುತ್ತಲೇ ಇದ್ದರು. ಅವರಿಗೆ ಹೊಡೆದಾಟ ಬೇಕಿತ್ತು, ಕುಣಿತ ಬೇಕಿತ್ತು. ಕೆಂಚೇಶನಿಗೆ ಬೇಕಾದದ್ದು ಕಪ್ಪು ಬಿಳುಪು. ಅದರಲ್ಲೂ ಮೂರು ದಿನ ಓಡಿ ಮುಗ್ಗರಿಸಿದ, ಮಾಡಿದವರೇ ಮರೆತುಬಿಟ್ಟ ಹಳೇ ದೆವ್ವದ ಚಿತ್ರಗಳು. ಬೀಜ ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ ಅವನು ಕೈಗೆ ಸಿಕ್ಕ ಗಿರಾಕಿಗೆಲ್ಲ ಪಾಠ ಹೇಳುತ್ತಿದ್ದ.

"ನೋಡ್ರಿ ಗೌಡ್ರೆ, ಒಳ್ಳೇ ಸಿನಿಮಾದಾಗೆ ದೆವ್ವನ ಹಂಗೆಲ್ಲ ತೋರಿಸಬಾರ್ದು. ಬಾಗ್ಲು ತಾನಾಗೇ ಚೂರು ತೆಕ್ಕಂಬೇಕು, ಅಷ್ಟೆ. ಆಚೆ ಏನೈತೆ ಅನ್ನೋದು ನೋಡೋನ ತಲೆನಾಗೆ ಹುಟ್ಬೇಕು."

"ಡಿಎಪಿ ಐತೋ ಇಲ್ವೋ, ಅದನ್ನ ಹೇಳಪ್ಪ ಮೊದ್ಲು."

ಅವನ ಜೀವ ಸಿಕ್ಕಿಕೊಂಡಿದ್ದು 'ಕರೀಬಾವಿ ಬಂಗಲೆ' ಎಂಬ ಒಂದೇ ಚಿತ್ರದಲ್ಲಿ. ಅದನ್ನು ಅವನು ನೋಡಿರಲಿಲ್ಲ. ನೋಡುವಂತೆಯೂ ಇರಲಿಲ್ಲ, ಅದರ ಒಂದು ಪ್ರತಿಯೂ ಎಲ್ಲೂ ಉಳಿದಿಲ್ಲವೆಂದು ತಿಳಿದವರು ಹೇಳುತ್ತಿದ್ದರು. ಅವನ ಬಳಿ ಇದ್ದದ್ದು ಹೊನ್ನಾಳಿ ಸಂತೆಯಲ್ಲಿ ಸಿಕ್ಕಿದ ಅದರ ಹಾಡಿನ ಪುಸ್ತಕ. ಅದರಲ್ಲಿ ಕಥಾಸಾರವಿತ್ತು. ಬಿಳಿ ಸೀರೆಯ ಹೆಂಗಸೊಬ್ಬಳು ಚಿತ್ರದುದ್ದಕ್ಕೂ ಬಾವಿಕಟ್ಟೆಯ ಮೇಲೆ ಬೆನ್ನು ತಿರುಗಿಸಿ ನಿಂತಿರುತ್ತಾಳೆ. ಮುಖ ತೋರಿಸುವುದು ಒಂದೇ ಸಲ. ನಾಯಕ ಹತ್ತಿರ ಹೋಗುತ್ತಾನೆ, ಹೆಗಲ ಮೇಲೆ ಕೈಯಿಡುತ್ತಾನೆ, ಅವಳು ಮೆಲ್ಲಗೆ ತಿರುಗುತ್ತಾಳೆ... 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ.'

ಆನಂದಿಸಲು ಕೆಂಚೇಶ ವರ್ಷಗಟ್ಟಲೆಯಿಂದ ಕಾಯುತ್ತಿದ್ದ. ಆ ಮುಖ ನೋಡದೆ ಸತ್ತರೆ ತಾನೇ ದೆವ್ವವಾಗಿ ಯಾವುದಾದರೂ ಬಾವಿಕಟ್ಟೆ ಹಿಡಿಯುವುದು ಖಾತ್ರಿ ಎಂದುಕೊಂಡಿದ್ದ.

ಸೂರ್ಯಗ್ರಹಣದ ಹಿಂದಿನ ದಿನ ಅಂಗಡಿಯ ಸಾಹುಕಾರ ಗುರುಬಸವರಾಜ್ ಎಲೆಯಡಿಕೆ ಮೆಲ್ಲುತ್ತ ಹೇಳಿದರು:

"ಲೇ ಕೆಂಚೇಶಿ, ನಮ್ ಟಾಕೀಸಿನ ಮೇಲಿನ ರೂಮಿನಾಗೆ ಎರಡು ತಗಡಿನ ಪೆಟ್ಟಿಗೆ ಅದಾವೆ ಕಣೋ. ಒಂದರ ಮೇಲೆ ಅದೇನೋ ಕರೀಬಾವಿ ಅಂತ ಬರ್ದೈತೆ. ನೀನು ದಿನಾ ಒದರೋದು ಅದೇ ತಾನೆ?"

ಕೆಂಚೇಶನ ಪೆನ್ನು ಬಿಲ್ಲಿನ ಮೇಲೆಯೇ ನಿಂತುಹೋಯಿತು. ಮುಚ್ಚಿ ಎಷ್ಟೋ ವರ್ಷವಾಗಿದ್ದ ಊರಿನ ಟಾಕೀಸನ್ನು ಸಾಹುಕಾರರು ಕೊಂಡು ಮೆಕ್ಕೆಜೋಳದ ಗೋದಾಮು ಮಾಡಿಕೊಂಡಿದ್ದರು.

"ನಾಳೆ ಅಂಗ್ಡಿ ತೆಗೆಯಲ್ಲ. ಬೇಕಿದ್ರೆ ಬೆಳಿಗ್ಗೆ ಬಂದು ಹೊತ್ಕಂಡ್ ಹೋಗು. ಮಧ್ಯಾಹ್ನ ಲೋಡ್ ಬರ್ತೈತೆ. ಆಮೇಲೆ ಅವು ಗುಜರಿಗೆ."

ಬೆಳಿಗ್ಗೆ ಕೆಂಚೇಶ ಸುತ್ತಿಗೆ, ಉಳಿ ಹಿಡಿದು ಹೊರಬಿದ್ದಾಗ ಪಕ್ಕದ ಮನೆಯ ಗಿಡ್ಡಮ್ಮಜ್ಜಿ ಅಂಗಳದಲ್ಲೇ ಅಡ್ಡಗಟ್ಟಿದಳು.

"ಗ್ರಹಣ ಹಿಡಿಯೋ ಹೊತ್ನಾಗೆ ಎಲ್ಲಿಗಪ್ಪ ಸವಾರಿ? ಒನಕೆ ನಿಂತಿರೋದು ಕಾಣಾಕಿಲ್ವಾ? ಅದು ಬೀಳೋಗಂಟ ಹೊಸಲು ದಾಟಬಾರ್ದು."

ಅಂಗಳದ ನಡುವೆ ನೀರು ತುಂಬಿದ ಹಿತ್ತಾಳೆ ತಟ್ಟೆಯಲ್ಲಿ ಒನಕೆ ನಿಂತಿತ್ತು. ಆಸರೆಯಿಲ್ಲ, ಹಗ್ಗವಿಲ್ಲ. ಯಾರೋ ಹಿಡಿದುಕೊಂಡಂತೆ ನೆಟ್ಟಗಿತ್ತು, ಹಿಡಿದವರು ಮಾತ್ರ ಕಾಣುತ್ತಿರಲಿಲ್ಲ. ಒಳ್ಳೇ ದೃಶ್ಯ ಅಂದುಕೊಂಡ ಕೆಂಚೇಶ. ಇದರ ಮೇಲೆ ಕ್ಯಾಮೆರಾ ಇಟ್ಟು ಒಂದು ನಿಮಿಷ ಸುಮ್ಮನಿದ್ದರೆ ನೋಡುವವರು ಉಗುರು ಕಚ್ಚುತ್ತಾರೆ.

"ಬೇಗ ಬತ್ತೀನಜ್ಜಿ, ಸಿನಿಮಾ ಕೆಲ್ಸ."

"ಸಿನಿಮಾ ಅಂತೆ ಸಿನಿಮಾ. ಹಾಳಾಗ್ಹೋಗು."

ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು. ಬಿಸಿಲು ಇತ್ತು, ಆದರೆ ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯಂತೆ ಇತ್ತು. ಅವನ ನೆರಳಿನ ಅಂಚು ಕತ್ತರಿಸಿಟ್ಟಷ್ಟು ಚೂಪಾಗಿತ್ತು. ಎರಡು ಸಲ ಹಿಂದಿರುಗಿ ನೋಡಿದ. ಹೆಜ್ಜೆ ಸದ್ದು ಅವನದೇ.

ಟಾಕೀಸಿನ ಹತ್ತಿರ ಮಾತ್ರ ಜನವಿತ್ತು. ಟೀ ಅಂಗಡಿ ಮಾರುತಿ ಮತ್ತು ಅವನ ಗುಂಪು. ಹೈಸ್ಕೂಲಿನ ಕಲ್ಪನಾ ಮೇಡಂ ತರಿಸಿದ್ದ ಗ್ರಹಣದ ಕನ್ನಡಕ ಅರ್ಧ ಊರಿಗೂ ಸಾಕಾಗಿರಲಿಲ್ಲ. ಸಿಗದವರು ಇಲ್ಲಿ ಕೂತು ಸರ್ಕಾರವನ್ನು ಬೈಯುತ್ತಿದ್ದರು.

"ಏನ್ ಕೆಂಚೇಶಣ್ಣ, ಸುತ್ತಿಗೆ ಹಿಡ್ಕಂಡು ಹೊಂಟೀಯ? ಗ್ರಹಣ ಬಿಡಿಸಾಕಾ?"

ಕೆಂಚೇಶ ತಲೆಯಾಡಿಸಿ ಒಳನುಗ್ಗಿದ.

ಬೆಂಚುಗಳಿದ್ದ ಜಾಗದಲ್ಲಿ ಜೋಳದ ಚೀಲಗಳು ಪರದೆಯ ಬುಡದವರೆಗೆ ಸಾಲಾಗಿ ಕೂತಿದ್ದವು, ಟಿಕೆಟು ಕೊಂಡು ಬಂದವರ ಹಾಗೆ. ಚೀಲಗಳ ಒಳಗೆ ಹುಳು ಕಡಿಯುವ ಸದ್ದು. ಒಂದು ಚೀಲದ್ದಾದರೆ ಕೇಳಿಸುತ್ತಿರಲಿಲ್ಲ, ಸಾವಿರ ಚೀಲದ್ದು ಸೇರಿ ಯಾರೋ ಪಿಸುಗುಡುತ್ತಿರುವಂತಿತ್ತು. ಮೇಲಿನ ರೂಮಿನಲ್ಲಿ ಎರಡು ಪೆಟ್ಟಿಗೆ. ಒಂದರ ಮೇಲೆ ಬಿಳಿ ಬಣ್ಣದಲ್ಲಿ 'ಕರೀಬಾವಿ ಬಂಗಲೆ', ಬೀಗ ತುಕ್ಕು ಹಿಡಿದಿತ್ತು. ಇನ್ನೊಂದರ ಮೇಲೆ 'ಸರ್ಕಾರಿ ವಾರ್ತಾಚಿತ್ರ', ಬೀಗವಿರಲಿಲ್ಲ. ಕೆಂಚೇಶ ಮೊದಲನೆಯದರ ಮುಂದೆ ಮಂಡಿಯೂರಿದ. ಕೈಮುಗಿದ ಎಂದರೂ ತಪ್ಪಿಲ್ಲ.

ಮೆಟ್ಟಿಲ ಮೇಲೆ ದಡದಡ ಸದ್ದು. ಮಾರುತಿಯ ಗುಂಪು ಹಿಂದೆಯೇ ಬಂದಿತ್ತು.

"ಅಯ್ಯೋ, ರೀಲು ಕಣ್ರೋ! ಇದ್ರಾಗೆ ನೋಡಿದ್ರೆ ಸೂರ್ಯ ಬೆಣ್ಣೆ ಮುದ್ದೆ ಹಂಗೆ ಕಾಣ್ತಾನೆ. ನಮ್ಮಪ್ಪ ಹಂಗೇ ನೋಡಿದ್ದು."

"ಮೇಡಮ್ಮು ಕಣ್ಣು ಹೋಗ್ತಾವೆ ಅಂದ್ರು," ಎಂದ ಹಿಂದಿನಿಂದ ಒಬ್ಬ.

"ನಮ್ಮಪ್ಪಂದು ಹೋಗಿತ್ತಾ? ಒಂದ್ ಕಣ್ಣು ಚೆನ್ನಾಗೇ ಇತ್ತು. ಒಡೀರಿ ಬೀಗ."

ಕೆಂಚೇಶ ಪೆಟ್ಟಿಗೆಯ ಮೇಲೆ ಬೋರಲು ಬಿದ್ದ. "ಮಾರುತಿ, ನಿನ್ ಕಾಲಿಗೆ ಬೀಳ್ತೀನಿ. ಇಡೀ ಜಗತ್ತಿನಾಗೆ ಇದೊಂದೇ ಇರೋದು!"

"ಜಗತ್ತಿನಾಗೆ ಸೂರ್ಯಾನೂ ಒಂದೇ ಇರೋದು. ಏಳಣ್ಣ."

ಇಬ್ಬರು ಅವನ ಕಾಲು ಹಿಡಿದರು. ಪೆಟ್ಟಿಗೆಯೂ ಅವನೂ ಒಟ್ಟಿಗೆ ಬಾಗಿಲ ಕಡೆ ಜರುಗಿದರು. ಆ ಗಳಿಗೆಯಲ್ಲಿ ಕೆಂಚೇಶನ ತಲೆ ಓಡಿತು.

"ತಡೀರಿ! ಅಗೋ, ಆ ಪೆಟ್ಟಿಗೆ ತಗಳ್ರಿ. ಸರ್ಕಾರದ್ದು. ಅಣೆಕಟ್ಟು, ಕೋಳಿ ಸಾಕೋದು, ಸಿಡುಬಿನ ಚುಚ್ಚುಮದ್ದು, ಬರೀ ಇವೇ. ಊರೆಲ್ಲ ಹಂಚಿದ್ರೂ ದೇಶಕ್ಕೇನೂ ನಷ್ಟ ಇಲ್ಲ. ನಾನೇ ಕತ್ತರಿಸಿ ಕೊಡ್ತೀನಿ."

ಕೊಟ್ಟ. ಚೀಲ ಹೊಲಿಯುವವರ ಕತ್ತರಿ ತರಿಸಿ, ಬಟ್ಟೆ ಅಂಗಡಿಯವನಂತೆ ಮೊಳ ಹಾಕಿ ಕಚಕಚ ಪಟ್ಟಿಪಟ್ಟಿಯಾಗಿ ಕತ್ತರಿಸಿದ. ರೀಲಿನಿಂದ ಹಳೇ ಉಪ್ಪಿನಕಾಯಿಯ ಹುಳಿ ವಾಸನೆ ಬರುತ್ತಿತ್ತು. ಕಣ್ಣೆಲ್ಲ ಅವನಿಗೆ ಇನ್ನೊಂದು ಪೆಟ್ಟಿಗೆಯ ಮೇಲೆ.

"ಇದು ಬೆಳ್ಳಗೈತೆ, ಹಾಡು ಇರ್ಬೇಕು. ಕಪ್ಪಿರೋದು ಕೊಡಣ್ಣ," ಎಂದ ಮಾರುತಿ. ಕೆಂಚೇಶ ಬೇರೆ ರೀಲು ಬಿಚ್ಚಿದ. ಮೊಳಗಟ್ಟಲೆ ಕಪ್ಪು.

"ಏನಣ್ಣ, ಅಣೆಕಟ್ಟನ್ನ ರಾತ್ರಿ ಹೊತ್ತು ಉದ್ಘಾಟನೆ ಮಾಡಿದ್ರಾ?"

"ಮಂತ್ರಿ ಲೇಟಾಗಿ ಬಂದಿರ್ತಾನೆ. ಹಿಡಿ, ನಡಿ, ಪೆಟ್ಟಿಗೇನೂ ಹೊತ್ಕಂಡ್ ಹೋಗು. ಕೇರಿಕೇರಿಗೂ ಹಂಚು."

ಅವರು ಹೋದರು. ಕೆಂಚೇಶ ಬೀಗಕ್ಕೆ ಉಳಿ ಹಾಕಿದ. ತುಕ್ಕು ಉದುರುತ್ತಿತ್ತೇ ಹೊರತು ಬೀಗ ಬಾಯಿಬಿಡಲಿಲ್ಲ. ಹೊರಗೆ ಬೆಳಕು ಇಳಿಯುತ್ತಿತ್ತು. ಗೋಡೆಯ ಚೌಕ ಕಂಡಿಯಲ್ಲಿ, ಹಿಂದೆ ಮೆಷಿನ್ನಿನ ಬೆಳಕು ಹಾಯುತ್ತಿದ್ದ ಜಾಗದಲ್ಲಿ, ಏನೋ ಮಿನುಗಿದಂತಾಯಿತು. ಕಣ್ಣಿಟ್ಟು ನೋಡಿದ.

ಪರದೆಯ ಮೇಲೆ ಸೂರ್ಯರಿದ್ದರು. ಒಬ್ಬನಲ್ಲ, ನೂರಾರು. ಚಾವಣಿಯ ತಗಡಿನ ತೂತು ತೂತಿನಿಂದಲೂ ಬಿದ್ದ ಬೆಳಕು ಅರ್ಧ ತಿಂದ ಸೂರ್ಯನಾಗಿ, ಕುಡುಗೋಲಿನಾಕಾರದಲ್ಲಿ ಹರಿದ ಪರದೆಯ ಮೇಲೆ ನಿಂತಿತ್ತು. ಯಾರೂ ನಡೆಸದ ಆಟ. ಚೀಲಗಳು ಕೂತು ನೋಡುತ್ತಿದ್ದವು. ಹುಳುಗಳ ಪಿಸುಮಾತು ಇದ್ದಕ್ಕಿದ್ದಂತೆ ನಿಂತಿತು. ಇಷ್ಟು ಒಳ್ಳೇ ದೃಶ್ಯವನ್ನು ಕೆಂಚೇಶ ಜನ್ಮದಲ್ಲಿ ಕಂಡಿರಲಿಲ್ಲ. ಹೇಳಿಕೊಳ್ಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಗ ಹೊರಗೆ ಒಂದು ಚೀರಾಟ ಕೇಳಿತು. ಹಿಂದೆಯೇ ಆಚೆ ಕೇರಿಯಿಂದ ಇನ್ನೊಂದು. ಆಮೇಲೆ ಊರಿಗೆ ಊರೇ ಕೂಗಿಕೊಂಡಿತು.

ಕೆಂಚೇಶ ಕೆಳಗೆ ಓಡಿದ. ಮಾರುತಿ ಗೇಟಿನ ಕಂಬ ತಬ್ಬಿಕೊಂಡು ನಿಂತಿದ್ದ, ಮುಖ ಹಿಟ್ಟು ಬಳಿದಂತೆ ಬೆಳ್ಳಗಾಗಿತ್ತು.

"ಸೂರ್ಯನಾಗೆ ಹೆಂಗ್ಸು ನಿಂತವ್ಳೆ ಕಣಣ್ಣ!"

"ಏನು?"

"ಸುತ್ತ ಕತ್ಲೆ. ಮಧ್ಯದಾಗೆ ಧಗಧಗ ಅನ್ನೋ ಹೆಂಗ್ಸು, ಬೆನ್ನು ಮಾಡ್ಕಂಡು ನಿಂತಿದ್ಲು. ಸರಿಯಾಗಿ ಕಾಣ್ಲಿ ಅಂತ ಪಟ್ಟಿನ ಚೂರು ಮೇಲಕ್ಕೆ ಸರಿಸ್ದೆ." ಮಾರುತಿ ಕಂಬವನ್ನು ಇನ್ನೂ ಬಿಗಿಯಾಗಿ ತಬ್ಬಿದ. "ತಿರುಗಿಬಿಟ್ಲು!"

ಕೆಂಚೇಶ ಅವನ ಭುಜ ಹಿಡಿದ. "ಬಾವಿಕಟ್ಟೆ ಮೇಲೆ ನಿಂತಿದ್ಲಾ?"

"ಅದು ನಿಂಗೆಂಗೆ ಗೊತ್ತು?"

"ಮುಖ! ಮುಖ ಹೆಂಗಿತ್ತು ಹೇಳೋ!"

"ಹೇಳಾಕೆ ಬರಲ್ಲಣ್ಣ. ನನ್ನ ನೋಡ್ಲಿಲ್ಲ ಅವ್ಳು. ನನ್ ಹಿಂದೆ ಯಾರ್ನೋ ಹುಡುಕ್ತಿದ್ಲು."

"ಪಟ್ಟಿ ಎಲ್ಲಿ? ಕೊಡು ಇಲ್ಲಿ!"

ಮಾರುತಿ ಬೀದಿಯ ಕಡೆ ಕೈ ತೋರಿಸಿದ. ಸಾಹುಕಾರ ಗುರುಬಸವರಾಜ್ ಒದ್ದೆ ಪಂಚೆಯಲ್ಲೇ ನಿಂತು, ಉಳಿದ ರೀಲು, ಜನ ತಂದು ಎಸೆದ ಪಟ್ಟಿ ಎಲ್ಲವನ್ನೂ ಪೆಟ್ಟಿಗೆ ಸಮೇತ ಗುಡ್ಡೆ ಹಾಕಿಸಿ ಡೀಸೆಲ್ ಸುರಿಯುತ್ತಿದ್ದರು.

"ಸಾವ್ಕಾರ್ರೆ, ಬ್ಯಾಡ್ರಿ! ಅದೇ ಕಣ್ರೀ ಅದು! ಅದೇ ಕರೀಬಾವಿ!"

"ಅದೇ ಅಂತ ಗೊತ್ತಾಗೇ ಸುಡಾಕತ್ತಿರೋದು. ಹಿಂದಕ್ಕೆ ಸರೀಲೇ!"

ಕೆಂಚೇಶ ಸರಿಯಲಿಲ್ಲ. ರಾಶಿಗೆ ಕೈ ಹಾಕಿದ. ಅಷ್ಟರಲ್ಲಿ ಯಾರೋ ಕಡ್ಡಿ ಗೀರಿ ಎಸೆದರು. ಹಳೇ ರೀಲು ಬೆಂಕಿ ಕಂಡದ್ದೇ ತಡ, ಬುಸ್ ಎಂದು ಆಳೆತ್ತರ ಎದ್ದಿತು. ಕೆಂಚೇಶ ಹಿಂದಕ್ಕೆ ಬಿದ್ದ. ಎದ್ದು ಮುಖ ಮುಟ್ಟಿಕೊಂಡಾಗ ಕಣ್ಣಿನ ಮೇಲೆ ಇರಬೇಕಾದದ್ದು ಇರಲಿಲ್ಲ.

ಮನೆ ಮನೆಗಳಲ್ಲಿ ಒಂದೊಂದು ತುಂಡಾದರೂ ಉಳಿದಿರಬಹುದು ಎಂದು ಓಡಿದ. ಗ್ರಹಣ ಬಿಟ್ಟಿತ್ತು. ಎಲ್ಲ ಬಚ್ಚಲ ಮನೆಗಳಿಂದಲೂ ಹೊಗೆ ಏಳುತ್ತಿತ್ತು. ಊರು ಮೈಲಿಗೆ ಕಳೆದುಕೊಳ್ಳಲು ನೀರು ಕಾಯಿಸುತ್ತಿತ್ತು. ಹೊಗೆಯಲ್ಲೆಲ್ಲ ಅದೇ ಉಪ್ಪಿನಕಾಯಿ ವಾಸನೆ. ಬಾಗಿಲು ಬಡಿದಲ್ಲೆಲ್ಲ ಒಂದೇ ಉತ್ತರ: ಗ್ರಹಣ ನೋಡಿದ ವಸ್ತು, ಅದೂ ದೆವ್ವ ಹೊಕ್ಕಿದ್ದು, ಮನೆಯಲ್ಲಿ ಇಟ್ಟುಕೊಳ್ಳುತ್ತಾರಾ?

ಕೊನೆಗೆ ಗಿಡ್ಡಮ್ಮಜ್ಜಿಯ ಮನೆ. ಒನಕೆ ಅಂಗಳದಲ್ಲಿ ಅಡ್ಡ ಬಿದ್ದಿತ್ತು. ಅಜ್ಜಿ ಹಂಡೆ ಒಲೆಯ ಮುಂದೆ ಕೂತು ಊದುತ್ತಿದ್ದಳು.

"ಅಜ್ಜಿ, ನೀನೂ ನೋಡಿದ್ಯಾ?"

"ಊರೆಲ್ಲ ನೋಡೋವಾಗ ನಾನೊಬ್ಳು ಯಾಕೆ ಬಿಡ್ಲಿ? ನೋಡ್ದೆ. ನನ್ನ ನೋಡ್ಲಿಲ್ಲ ಅವ್ಳು. ನನ್ ಹಿಂದೆ ಯಾರ್ನೋ ಹುಡುಕ್ತಿದ್ಲು." ಅಜ್ಜಿ ಕೊಳವೆ ಕೆಳಗಿಟ್ಟಳು. "ನಮ್ಮನೇರ್ನೇ ಹುಡುಕ್ತಿದ್ದಾಳು, ಪಾಪ. ಪಟ್ಟಿ ಒಲೆಗೆ ಹಾಕ್ದೆ."

ಕೆಂಚೇಶ ಒಲೆಯೊಳಗೆ ಇಣುಕಿದ. "ನಿಮ್ಮನೇರ್ನ ಯಾಕೆ ಹುಡುಕ್ತಾಳೆ?"

"ಆ ಟಾಕೀಸಿನಾಗೆ ಆಪರೇಟ್ರು ಆಗಿದ್ರಲ್ಲಪ್ಪ. ಆ ಕರೀಬಾವಿ ಓಡಿದ್ ಮೂರು ದಿನಾನೂ ನಿದ್ದೇನಾಗೆ ಬೆವೆತು ಬೆವೆತು ಕೂಗೋರು. ಕೊನೇ ಆಟ ಮುಗಿದ ಮ್ಯಾಲೆ ಅವಳ ರೀಲನ್ನೆಲ್ಲ ತೆಗೆದು ಸರ್ಕಾರದ ಪೆಟ್ಟಿಗೆಗೆ ಹಾಕಿ, ಸರ್ಕಾರದ್ದನ್ನ ಅವಳ ಪೆಟ್ಟಿಗೆಗೆ ಹಾಕಿ ಬೀಗ ಜಡಿದ್ರು. ಮನೆ ಅದಲುಬದಲಾದ್ರೆ ದೆವ್ವಕ್ಕೆ ಗುರ್ತು ಸಿಗಾಕಿಲ್ಲ ಅಂತ."

"ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತಜ್ಜಿ?"

"ನೀನು ಯಾವತ್ತು ಕೇಳ್ದೆ? ಬರೀ ನೀನೇ ಹೇಳ್ತಿದ್ದೆ."

ಮಧ್ಯಾಹ್ನ ಜೋಳದ ಲಾರಿ ಬರುವ ಮುಂಚೆ ಸಾಹುಕಾರರ ಆಳುಗಳು ಇನ್ನೊಂದು ಪೆಟ್ಟಿಗೆಯನ್ನು ಕೆಂಚೇಶನ ಅಂಗಳದಲ್ಲಿ ಇಳಿಸಿ, ಹಿಂದಿರುಗಿ ನೋಡದೆ ಹೋದರು. ಬೀಗ ಈಗ ಒಂದೇ ಏಟಿಗೆ ಬಾಯಿಬಿಟ್ಟಿತು. ಮೇಲಿನ ರೀಲನ್ನು ಅವನು ಬಿಸಿಲಿಗೆ ಹಿಡಿದ. ಒಂದು ಬಿಳಿ ಕೋಳಿ ಬೆನ್ನು ಮಾಡಿ ನಿಂತಿತ್ತು. ಪಟ್ಟಿಯನ್ನು ಮೇಲಕ್ಕೆ ಸರಿಸಿದ. ಕೋಳಿ ಮೆಲ್ಲಗೆ ತಿರುಗಿ ಅವನನ್ನೇ ನೋಡಿತು.

ಆ ದಿನ ನ್ಯಾಮತಿಯಲ್ಲಿ ಕಳೆದುಹೋದದ್ದು ಹದಿಮೂರು ರೀಲು, ಆರು ಹಾಡು, ಎರಡು ಹುಬ್ಬು.