ಹಸೈನಾರನ ಬಿ ಗ್ರೇಡ್

ಸಿದ್ಧಕಟ್ಟೆಯ ಬಟ್ಟೆ ವ್ಯಾಪಾರಿ ಹಸೈನಾರ್ ಹೊಸ ಮೊಬೈಲಿನಲ್ಲಿ ಹರಾಜು ಕೂಗುವವನಂತೆ ಮಾತಾಡುತ್ತಿದ್ದ. ಆ ದಿನವೂ ಹಾಗೇ ಆಯಿತು. "ಎರಡೂ ಬಿ ಗ್ರೇಡಾ? ಎ ಒಂದೂ ಇಲ್ವಾ?"

ಆಚೆ ಕಡೆ ಮಂಗಳೂರಿನ ಆಸ್ಪತ್ರೆಯ ಹುಡುಗಿ. ಮದುವೆಯಾಗಿ ಎಷ್ಟೋ ವರ್ಷಗಳಾದರೂ ಮಕ್ಕಳಿಲ್ಲದ ಹಸೈನಾರ್, ಹೆಂಡತಿ ರುಕಿಯಾ ತವರಿಗೆ ಹೋಗಿದ್ದಾಳೆಂದು ಊರಿಗೆಲ್ಲ ಹೇಳಿ, ಅವಳನ್ನು ಅಲ್ಲಿ ಸೇರಿಸಿದ್ದ. ಲ್ಯಾಬಿನಲ್ಲಿ ಬೆಳೆಸಿದ ಎರಡು ಭ್ರೂಣಗಳನ್ನು ಸಂಜೆ ಅವಳ ಗರ್ಭದಲ್ಲಿಡುವುದಿತ್ತು. ಬಿ ಎಂದು ಕೇಳಿದ್ದೇ ಹಸೈನಾರನ ಮುಖ ಹಿಂಡಿದ ಪಂಚೆಯಂತಾಯಿತು. ಕೊರತೆ ತನ್ನದೇ ಎಂದಾಯಿತಲ್ಲ.

"ಎಂಥದು ಬಿ ಗ್ರೇಡು?" ನೆರೆಮನೆಯ ಟೈಲ್ಸ್ ಮೇಸ್ತ್ರಿ ಡೊಂಬಯ್ಯ ಅಂಗಡಿಯೊಳಗೆ ಬಂದಿದ್ದ.

"ಟೈಲ್ಸ್. ಬಾತ್‌ರೂಮಿಗೆ."

"ನನ್ನನ್ನು ಕೇಳದೆ ತಗೊಂಡ್ರಾ? ಬಿ ಅಂದ್ರೆ ಮೂಲೆ ಹಾರಿದ ಮಾಲು ಮಾರಾಯ್ರೆ."

ಗಿರಾಕಿಗೆ ಲುಂಗಿ ತೆಗೆಯಲು ಹಸೈನಾರ್ ಅಟ್ಟ ಹತ್ತಿ ಇಳಿಯುವಷ್ಟರಲ್ಲಿ ಡೊಂಬಯ್ಯ ಮೊಬೈಲನ್ನು ಕೌಂಟರಿನ ಮೇಲಿಡುತ್ತಿದ್ದ. "ಆ ನಂಬರಿಗೇ ಫೋನ್ ಮಾಡಿ, ಹಲೋ ಅಂದದ್ದೇ ಹೇಳಿ ಇಟ್ಟೆ. ಹಸೈನಾರ್ ಸಾಹೇಬ್ರಿಗೆ ಬಿ ಬೇಡ, ಬಿಸಾಡಿ, ಎ ಇದ್ರೆ ಮಾತ್ರ ಕೊಡಿ ಅಂತ."

ಹಸೈನಾರ್ ಅಂಗಡಿ, ಮೊಬೈಲು, ಗಿರಾಕಿ ಎಲ್ಲವನ್ನೂ ಬಿಟ್ಟು ಬಸ್ಸಿಗೆ ಓಡಿದ. ಟೈಲ್ಸ್ ಎಂದ ತನ್ನ ನಾಲಗೆಯನ್ನು ದಾರಿಯುದ್ದಕ್ಕೂ ಶಪಿಸಿದ. ಬಿ ಆದರೂ ಪರವಾಗಿಲ್ಲ, ಇದ್ದರೆ ಸಾಕು ಎಂದು ಬೇಡಿಕೊಂಡ.

"ಫೋನಿನಲ್ಲಿ ಹೇಳಿದ್ರೆ ನಾವು ಬಿಸಾಡುದಿಲ್ಲ," ಎಂದರು ಡಾಕ್ಟರಮ್ಮ. ಅವನು ತಲೆ ಎತ್ತಲಿಲ್ಲ. "ಗ್ರೇಡ್ ಅಂದ್ರೆ ಇವತ್ತು ಮೈಕ್ರೋಸ್ಕೋಪಿನಲ್ಲಿ ಕಾಣುವ ರೂಪ ಅಷ್ಟೆ. ಕೋಶ ಸಮನಾಗಿ ಭಾಗವಾಗಿದೆಯಾ, ಉದುರಿದ ಚೂರು ಎಷ್ಟುಂಟು ಅಂತ ನೋಡ್ತೇವೆ. ಅದು ನಿಮ್ಮ ಮಾರ್ಕಲ್ಲ, ಮಗುವಿನದ್ದೂ ಅಲ್ಲ. ಬಿಯಲ್ಲಿಯೂ ಒಳ್ಳೆ ಮಗು ಆಗ್ತದೆ, ಎ ಆದ್ರೂ ಗ್ಯಾರಂಟಿ ಇಲ್ಲ."

ಸಂಜೆ ಎಲ್ಲ ಸುಸೂತ್ರವಾಗಿ ಮುಗಿಯಿತು. "ಊರಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ?" ಎಂದಳು ರುಕಿಯಾ.

"ಇಲ್ಲ."

ಮರಳಿ ಬಂದಾಗ ಡೊಂಬಯ್ಯ ಅಂಗಡಿ ಕಾಯುತ್ತ ಕೂತಿದ್ದ. "ಆ ಹುಡುಗಿ ಮತ್ತೆ ಫೋನ್ ಮಾಡಿದ್ಲು," ಎಂದ ತಗ್ಗಿದ ದನಿಯಲ್ಲಿ. "ನನ್ನನ್ನೇ ನೀವು ಅಂತ ತಿಳಿದು ಎಲ್ಲ ಹೇಳಿಬಿಟ್ಲು. ನಾನು ಒಬ್ಬರ ಹತ್ರವೂ ಬಾಯಿ ಬಿಡ್ಲಿಲ್ಲ. ಬಿಸಾಡಿ ಅಂದ ಪಾಪ ನನ್ನದಲ್ವಾ, ಶಟರ್ ಎಳೆದು ಪೊಳಲಿ ದೇವಸ್ಥಾನಕ್ಕೆ ಹೋಗಿ ನಿಮ್ಮ ಹೆಸರಲ್ಲಿ ಒಂದು ಹೂವಿನ ಪೂಜೆ ಮಾಡಿಸಿದೆ."

ಹಸೈನಾರನ ಕಣ್ಣು ತುಂಬಿತು. ಡೊಂಬಯ್ಯನ ಕೈ ಹಿಡಿದುಕೊಂಡ.

"ಆದ್ರೆ ನಮ್ಮೂರ ಮದುವೆ ದಿಬ್ಬಣ ಪೂರಾ ಅಲ್ಲೇ ಇತ್ತು," ಎಂದ ಡೊಂಬಯ್ಯ. "ವಾದ್ಯದ ಗಲಾಟೆಯಲ್ಲಿ ಭಟ್ರಿಗೆ ವಿಷಯ ಕೂಗಿ ಹೇಳ್ಬೇಕಾಯ್ತು. ನಾನು ಹಸೈನಾರ್ ಸಾಹೇಬ್ರ ಬಿ ಗ್ರೇಡ್ ಭ್ರೂಣ ಅಂತ ಶುರು ಮಾಡುದಕ್ಕೂ ವಾದ್ಯ ನಿಲ್ಲುದಕ್ಕೂ ಸರಿ ಆಯ್ತು."

ಅಂಗಡಿಯ ಮುಂದೆ ನಿಂತಿದ್ದ ಜನರನ್ನು ಹಸೈನಾರ್ ಆಗ ನೋಡಿದ. ಒಬ್ಬರೂ ಬಟ್ಟೆ ಕೊಳ್ಳಲು ಬಂದವರಲ್ಲ.