ಶುದ್ಧರ ಮನೆಯ ಗ್ಯಾಸ್ ಒಲೆ

ಮನೆಯಲ್ಲಿ ಒಬ್ಬರು ಶುದ್ಧರಾಗಲು ಹೊರಟರೆ ಉಳಿದವರಿಗೆ ದಿನಕ್ಕೊಂದು ಪ್ರಸಂಗ ಖಾಯಂ. ನಾನೇನು ಹುಡುಕಿಕೊಂಡು ಹೋದವಳಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆಯ ದೀಪ ಹಾಕಿದರೆ ಸಾಕು, ಅವೇ ಬಂದು ಎದುರಿಗೆ ನಿಲ್ಲುತ್ತಿದ್ದವು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮನೆಯವರು ಶಿರಸಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ನಾನು ಎಕ್ಕಂಬಿ ಕಡೆಯ ಶಾಲೆಯೊಂದರಲ್ಲಿ ಟೀಚರು. ಎಂಟೂವರೆಯ ಬಸ್ಸು ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಶಾಲೆಯಲ್ಲಿ ಎರಡು ಪಾಠ ಮುಗಿದಿರುತ್ತಿತ್ತು. ಮನೆಯಲ್ಲಿ ಮೂರನೆಯವರು ಅತ್ತೆ. ಇವರಿಬ್ಬರನ್ನು ಬಿಟ್ಟರೆ ನಾನು ಮನಸಾರೆ ಹಚ್ಚಿಕೊಂಡಿದ್ದು ಎರಡು ಬರ್ನರಿನ ಗ್ಯಾಸ್ ಒಲೆಯನ್ನು. ಹೆಸರು ಬರೆಸಿ ವರ್ಷಗಟ್ಟಲೆ ಕಾದು ಸಿಕ್ಕಿದ್ದು. ಅದಿಲ್ಲದಿದ್ದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ನೌಕರಿಯಿಲ್ಲ. ಕನೆಕ್ಷನ್ ಮಾತ್ರ ಅವರ ಹೆಸರಿನಲ್ಲಿತ್ತು. ಒಲೆ ಯಾರದ್ದು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎಂದಾದರೂ ಎದ್ದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

೧. ಸರಳ ಉಡುಪು

ಸಿದ್ದಾಪುರದಲ್ಲಿ ಹತ್ತು ದಿನದ ಯೋಗ ಶಿಬಿರ ಅಂತ ಹೋದ ನಮ್ಮನೆಯವರು ಹನ್ನೊಂದನೆಯ ದಿನ ಬಿಳಿ ಪಂಚೆ, ಬಿಳಿ ಜುಬ್ಬ, ಬಿಳಿ ಶಾಲು ಹೊದ್ದು ಬಂದಿಳಿದರು. ನಾನು ಯಾರೋ ದೇಣಿಗೆಗೆ ಬಂದವರು ಅಂದುಕೊಂಡು ಕುರ್ಚಿ ಕೊಟ್ಟೆ. ಇನ್ನು ಮುಂದೆ ಶುದ್ಧತೆ ಮತ್ತು ಸರಳತೆ, ಇವೆರಡೇ ತನ್ನ ಬದುಕು ಎಂದರು. ಒಳ್ಳೆಯದೇ ಆಯಿತು ಅಂದುಕೊಂಡೆ. ಅಷ್ಟು ವರ್ಷ ಟೀಚರಾಗಿ ಪಾಠ ಹೇಳಿದರೂ ನನಗೆ ಬುದ್ಧಿ ಬಂದಿರಲಿಲ್ಲ ನೋಡಿ.

ಮುಂಚೆ ಅವರಿಗೆ ಎರಡು ಕಂದು ಬಣ್ಣದ ಟೆರಿಕಾಟ್ ಪ್ಯಾಂಟುಗಳಿದ್ದವು. ನಮ್ಮೂರಿನ ಕೆಂಪು ಮಣ್ಣು ಎಷ್ಟು ಸಿಡಿದರೂ ಅವು ಅಳುತ್ತಿರಲಿಲ್ಲ. ಮೂರು ದಿನಕ್ಕೊಮ್ಮೆ ನೀರಿಗೆ ಅದ್ದಿದರೆ ಮುಗಿಯಿತು. ಈಗ ದಿನಕ್ಕೊಂದು ಜೊತೆ ಬಿಳಿ ಬಟ್ಟೆ. ಅದನ್ನು ನೆನೆಸಬೇಕು, ಅಂಚು ತಿಕ್ಕಬೇಕು, ನೀಲಿ ಹಾಕಬೇಕು, ಗಂಜಿ ಹಾಕಬೇಕು, ಮಳೆಗಾಲದಲ್ಲಿ ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಮಸಿ ಬಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇಷ್ಟೆಲ್ಲ ಆದ ಮೇಲೆ ಇಸ್ತ್ರಿ.

ಒಂದು ತಿಂಗಳಾದ ಮೇಲೆ ನಾನು ಬಟ್ಟೆ ಕಲ್ಲಿನ ಹತ್ತಿರ ಬಗ್ಗಿ ನಿಂತಿದ್ದಾಗ ಹಿಂದೆ ಬಂದು ನಿಂತು, ಮುಖದ ತುಂಬ ಶಾಂತಿ ತಂದುಕೊಂಡು ಹೇಳಿದರು. "ಈಗ ಬಟ್ಟೆ ಬಗ್ಗೆ ಯೋಚ್ನೆ ಮಾಡದೇ ಬ್ಯಾಡ. ಎಷ್ಟು ಹಗುರ ಆಗ್ತು ಗೊತ್ತಿದ್ದಾ?"

ಗೊತ್ತಿಲ್ಲದೆ ಏನು, ಆ ಭಾರವೆಲ್ಲ ಒದ್ದೆಯಾಗಿ ನನ್ನ ಕೈಯಲ್ಲೇ ಇತ್ತು.

೨. ಇಬ್ಬರ ಮಡಿ

ಅತ್ತೆ ಹಳೆಯ ಕಾಲದವರು. ಬೆಳಿಗ್ಗೆ ಮಿಂದು ಮಡಿ ಸೀರೆ ಉಟ್ಟರೆ ದೇವರ ಪೂಜೆ, ನೈವೇದ್ಯ ಮುಗಿಯುವವರೆಗೆ ಯಾರೂ ಅವರನ್ನು ಮುಟ್ಟುವಂತಿಲ್ಲ. ಮಗ ಶಿಬಿರದಿಂದ ಬಂದ ವಾರದಲ್ಲೇ ತಾಯಿಗೆ ಉಪದೇಶ ಮಾಡಿದರು. ಹೊರಗಿನ ಮಡಿಗೆ ಅರ್ಥವಿಲ್ಲವಂತೆ, ಒಳಗಿನದೇ ನಿಜವಾದ ಶುದ್ಧಿಯಂತೆ, ಇದನ್ನೆಲ್ಲ ಬಿಡಬೇಕಂತೆ. ಅತ್ತೆ ಬತ್ತಿ ಹೊಸೆಯುತ್ತ ಎಲ್ಲ ಕೇಳಿಸಿಕೊಂಡರು. 

ಆಮೇಲೆ ಮಗನ ಒಳಗಿನ ಶುದ್ಧಿ ಒಂದೊಂದಾಗಿ ಹೊರಗೆ ಬರತೊಡಗಿತು. ಅವರ ಯೋಗದ ಚಾಪೆಯನ್ನು ಬೇರೆಯವರು ತುಳಿಯಬಾರದು, ತುಳಿದರೆ ಕಂಪನ ಕೆಡುತ್ತದೆ. ಅವರ ಲೋಟದಲ್ಲಿ ಬೇರೆಯವರು ಕುಡಿಯಬಾರದು. ಈರುಳ್ಳಿ ಹೆಚ್ಚಿದ ಚೂರಿಯಿಂದ ಅವರ ಹಣ್ಣು ಹೆಚ್ಚಬಾರದು. ಧ್ಯಾನಕ್ಕೆ ಕೂತಾಗ ಜಗಲಿಯಲ್ಲಿ ಯಾರೂ ಓಡಾಡಬಾರದು, ನೆರಳೂ ಬೀಳಬಾರದು. ಬೆಳಿಗ್ಗೆ ಮೂಗಿಗೆ ಉಪ್ಪುನೀರು ಹಾಕಿ ತೊಳೆದುಕೊಳ್ಳುವ ಗಿಂಡಿಯನ್ನು ಮಾತ್ರ ನನ್ನ ಕುಡಿಯುವ ನೀರಿನ ಕೊಡದ ಪಕ್ಕದಲ್ಲೇ ಇಡುತ್ತಿದ್ದರು. ಕೇಳಿದರೆ ಅದು ಅತ್ಯಂತ ಶುದ್ಧ ವಸ್ತುವಂತೆ.

ಒಂದು ಸಂಜೆ ಪಕ್ಕದ ಮನೆಯಾಕೆ ಬಂದವಳು ಗೊತ್ತಿಲ್ಲದೆ ಆ ಚಾಪೆಯ ಮೇಲೆ ಕೂತುಬಿಟ್ಟಳು. ಇವರು ಅವಳನ್ನು ಎಬ್ಬಿಸಿ, ಚಾಪೆ ಮಡಿಸಿ, ಅಂಗಳದ ಇಳಿಬಿಸಿಲಿಗೆ ಒಯ್ದು ಹಾಕಿದರು. ಪಾಪ, ಅವಳ ಮುಖ ಸಣ್ಣದಾಯಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮಾತೇ ಹೊರಡಲಿಲ್ಲ. ಅತ್ತೆಗೆ ಹೊರಟಿತು.

"ನೋಡು ತಂಗಿ," ಅಂದರು ಅವಳಿಗೆ, ಮಗನಿಗೆ ಕೇಳುವ ಹಾಗೆ. "ಎನ್ನ ಮಡಿ ಮಧ್ಯಾಹ್ನದ ಊಟಕ್ಕೆ ಮುಗೀತು. ಇವಂದು ಮುಗೀತೇ ಇಲ್ಲೆ."

೩. ಯಲ್ಲಾಪುರದ ಮೌನ

ಆ ವರ್ಷ ಯಲ್ಲಾಪುರದಲ್ಲಿ ಎರಡು ದಿನದ ಶಿಬಿರ. ನಮ್ಮನೆಯವರು ಸ್ವಯಂಸೇವಕರು. ಹೆಂಗಸರ ಸಂಖ್ಯೆ ಕಡಿಮೆಯಾಗಿದೆ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಕಲಿಸಲು ಬಂದ ಗುರುಗಳು ಬೆಂಗಳೂರಿನ ಕಡೆಯವರು, ನಮ್ಮ ಸೀಮೆಗೆ ಮೊದಲ ಸಲ. ಸಭಾಂಗಣದ ತುಂಬ ವಜ್ರಳ್ಳಿ, ಅದರ ಆಚೀಚಿನ ಊರುಗಳ ಅಡಿಕೆ ತೋಟದವರು ಬೆಳಿಗ್ಗೆ ಚಹಾ ಕುಡಿದು, ಕವಳ ಹಾಕಿಕೊಂಡು ಸಾಲಾಗಿ ಕೂತಿದ್ದರು. ನಮ್ಮಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿದ ಕವಳ ಬಾಯಿಗೆ ಹೋಯಿತೆಂದರೆ ಅದರ ರಸ ಇಳಿಯುವವರೆಗೆ ಮನುಷ್ಯ ಬಾಯಿ ಬಿಡುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ಕೈಸನ್ನೆಯಲ್ಲೇ ಹೇಳುತ್ತಾನೆ.

ಗುರುಗಳು ನಮಸ್ಕಾರ ಅಂದರು. ಎಲ್ಲರೂ ತಲೆ ಆಡಿಸಿದರು. ಓಂಕಾರ ಹೇಳಿ ಅಂದರು. ಬಾಯಿ ಮುಚ್ಚಿಕೊಂಡೇ ಎಲ್ಲರೂ ಒಂದು ಮ್‌ಕಾರ ಹೊರಡಿಸಿದರು. ಯಾವ ಊರಿನವರು ಎಂದು ಒಬ್ಬೊಬ್ಬರನ್ನೇ ಕೇಳಿದರೆ ಕಿಟಕಿಯಿಂದಾಚೆ ಬೆರಳು ತೋರಿಸಿದರು. ಗುರುಗಳ ಕಣ್ಣು ಅರಳಿತು. ತಾನು ಎಷ್ಟೋ ಊರು ಸುತ್ತಿದ್ದೇನೆ, ಇಷ್ಟು ಮಂದಿ ಒಟ್ಟಿಗೆ ಮೌನ ಸಾಧಿಸಿದ್ದನ್ನು ಎಲ್ಲೂ ಕಂಡಿಲ್ಲ ಎಂದರು. ನಮ್ಮನೆಯವರಿಗೆ ಸತ್ಯ ಗೊತ್ತಿತ್ತು. ಆದರೆ ಹೊಗಳಿಕೆ ತಮ್ಮ ಜಿಲ್ಲೆಗೆ ಬಂದದ್ದು, ಯಾಕೆ ಬಿಡಬೇಕು ಎಂದು ಅವರೂ ಕೈಕಟ್ಟಿ ಕಣ್ಣು ಮುಚ್ಚಿದರು.

ಎದುರಿನ ಸಾಲಿನಲ್ಲಿ ಎಪ್ಪತ್ತು ದಾಟಿದ ಹೆಗಡೇರೊಬ್ಬರಿದ್ದರು. ಗುರುಗಳು ಅವರ ಮುಂದೆ ಮಂಡಿಯೂರಿ ಕೂತು, ಈ ಅಭ್ಯಾಸ ಎಷ್ಟು ವರ್ಷದಿಂದ ಎಂದು ಕೇಳಿದರು. ಹೆಗಡೇರು ಸ್ವಲ್ಪ ಲೆಕ್ಕ ಹಾಕಿ ಐದು ಬೆರಳು ತೋರಿಸಿದರು, ಆಮೇಲೆ ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿದರು. ಐವತ್ತು ವರ್ಷ. ಗುರುಗಳು ಅವರ ಕಾಲು ಮುಟ್ಟಿ, ನನಗಾಗಿ ಇವತ್ತೊಂದು ದಿನ ಮೌನ ಮುರಿದು ಒಂದೇ ಒಂದು ಮಾತು ಅನುಗ್ರಹಿಸಿ ಎಂದು ಬೇಡಿಕೊಂಡರು.

ಹೆಗಡೇರು ಎದ್ದು, ನಿಧಾನವಾಗಿ ಬಾಗಿಲಿನ ಆಚೆ ಹೋಗಿ, ಬಾಯಿ ಖಾಲಿ ಮಾಡಿ, ತೊಳೆದುಕೊಂಡು ಬಂದರು. ಸಭೆಗೆ ಸಭೆಯೇ ಕಿವಿಯಾಗಿತ್ತು.

"ಎಂತದೂ ಇಲ್ಲೆ," ಅಂದರು ಹೆಗಡೇರು. "ಇವತ್ತು ಸುಣ್ಣ ಸ್ವಲ್ಪ ಜಾಸ್ತಿ ಆಗೋತು."

೪. ಒಂದೇ ಪದಾರ್ಥದ ಊಟ

ಆಮೇಲೆ ಆಹಾರ ಶುದ್ಧಿ ಶುರುವಾಯಿತು. ಹೊತ್ತಿಗೆ ಒಂದೇ ಪದಾರ್ಥ, ಅದೂ ಸರಳವಾಗಿ. ಆ ಒಂದೇ ಪದಾರ್ಥಕ್ಕೆ ಹಿಂದಿನ ದಿನ ಹೆಸರುಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು, ಕಾಯಿ ತುರಿಯಬೇಕು, ಬೆಳಿಗ್ಗೆ ಬೂದುಗುಂಬಳ ಅರೆದು ರಸ ಹಿಂಡಬೇಕು, ಅದಾಗಿ ಸರಿಯಾಗಿ ಅರ್ಧ ಗಂಟೆಗೆ ತುಳಸಿ ಕಷಾಯ. ಅತ್ತೆಗೂ ನನಗೂ ದೋಸೆ ಬೇರೆ. ಒಂದು ಬರ್ನರಿನ ಮೇಲೆ ಸರಳತೆ, ಇನ್ನೊಂದರ ಮೇಲೆ ನಾವು. ಎರಡು ಸಲ ನನ್ನ ಬಸ್ಸು ತಪ್ಪಿತು.

ಆ ಬೇಸಿಗೆಯಲ್ಲಿ ಹೆಗ್ಗರಣೆ ಹತ್ತಿರದ ನೆಂಟರ ಮನೆಯಲ್ಲಿ ಮದುವೆ. ಒಂದೇ ಪದಾರ್ಥದವರು ಪಂಕ್ತಿಯಲ್ಲಿ ಏನು ಮಾಡುತ್ತಾರೋ ಎಂದು ನನಗೆ ಕುತೂಹಲ. ಇವರು ಮಾತಿಗೆ ತಪ್ಪಲಿಲ್ಲ. ಅನ್ನ ಬೇಡ, ಸಾರು ಬೇಡ, ಪಲ್ಯ ಬೇಡ ಅಂದರು. ಎಲೆಯ ಮೇಲೆ ಹೋಳಿಗೆ ಮಾತ್ರ. ಅದನ್ನು ಬಡಿಸುವವರು ಬಂದಾಗಲೆಲ್ಲ ಕೈ ಅಡ್ಡ ಹಿಡಿಯದೆ ಕಣ್ಣು ಮುಚ್ಚಿ ಕೂತರು. ಒಂಬತ್ತು ಹೋಳಿಗೆ, ಮೇಲೆ ತುಪ್ಪ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. ತಾನಾಗಿ ಬಂದದ್ದನ್ನು ಬೇಡ ಅನ್ನುವುದು ಅಹಂಕಾರವಂತೆ, ಅದನ್ನು ಗೆಲ್ಲುವುದೇ ಕಷ್ಟವಂತೆ. ಆ ಕಷ್ಟಕ್ಕೆ ನಾನು ಮನೆಗೆ ಹೋದ ಮೇಲೆ ಎರಡು ಸಲ ಜೀರಿಗೆ ಕಷಾಯ ಮಾಡಿಕೊಟ್ಟೆ.

೫. ತ್ಯಾಗ

ಇಷ್ಟರವರೆಗಿನದ್ದು ನಕ್ಕು ಬಿಡುವಂಥದ್ದು. ಮುಂದಿನದ್ದಕ್ಕೆ ಆಗ ನನಗೆ ನಗು ಬಂದಿರಲಿಲ್ಲ.

ಒಂದು ದಿನ ಊಟ ಮಾಡುತ್ತ ತುತ್ತು ಕೈಯಲ್ಲೇ ಹಿಡಿದು, ಗ್ಯಾಸಿನ ಬೆಂಕಿಯಲ್ಲಿ ಪ್ರಾಣವಿಲ್ಲ ಎಂದರು. ಕಟ್ಟಿಗೆ ಬೆಂಕಿಯಲ್ಲಿ ಬೆಂದದ್ದೇ ಸಾತ್ವಿಕ ಅನ್ನ, ಆದ್ದರಿಂದ ಕನೆಕ್ಷನ್ನೇ ವಾಪಸು ಕೊಡುವುದಂತೆ. ಶಿರಸಿಯಲ್ಲಿ ಬರುವ ಭಾನುವಾರ ಇನ್ನೊಂದು ಶಿಬಿರದ ಸಮಾರೋಪ, ಅಲ್ಲಿ ಘೋಷಣೆ ಮಾಡುತ್ತಾರಂತೆ. ಅರ್ಜಿ ಬರೆದಾಗಿತ್ತು. ನನ್ನ ಬಸ್ಸು ಎಂದೆ. ಒಂದು ತಾಸು ಮುಂಚೆ ಎದ್ದರಾಯಿತು ಎಂದರು. ನಾನು ಏಳುವುದೇ ಐದಕ್ಕೆ. ಅತ್ತೆ ಗೋಡೆಗೆ ಒರಗಿ ಕೂತಿದ್ದವರು ಮಗನನ್ನು ನೋಡದೆಯೇ ಹೇಳಿದರು. "ಆನು ನಲವತ್ತು ವರ್ಷ ಆ ಹೊಗೆ ಕುಡದ್ದೆ. ಅದ್ರಲ್ಲಿ ಶುದ್ಧ ಆಗ್ತು ಹೇಳಿ ಒಬ್ರೂ ಹೇಳಿದ್ವಿಲ್ಲೆ."

ಅವರ ಕಣ್ಣು ಆ ಹೊಗೆಗೇ ಮಂಜಾದದ್ದು. ನನಗೆ ಆ ಮಾತು ಕೇಳಿ ಅಳು ಬಂತು. ಇವರಿಗೆ ಏನೂ ಬರಲಿಲ್ಲ, ಮಜ್ಜಿಗೆ ಬೇಕು ಎಂದರು.

ಭಾನುವಾರ ಸಭಾಂಗಣ ತುಂಬಿತ್ತು. ಅದೇ ಗುರುಗಳು ಬಂದಿದ್ದರು. ಆಹಾರದ ಬಗ್ಗೆ ಒಂದು ಗಂಟೆ ಮಾತಾಡಿದರು. ಅಡುಗೆ ಮಾಡುವವರ ಮನಸ್ಸು ಹೇಗಿದೆಯೋ ಅನ್ನವೂ ಹಾಗೇ ಆಗುತ್ತದೆ, ಸಿಟ್ಟಿನಲ್ಲಿ ಬೇಯಿಸಿದ್ದನ್ನು ಉಂಡರೆ ಎಷ್ಟು ಆಸನ ಹಾಕಿದರೂ ವ್ಯರ್ಥ ಎಂದರು. ಆಮೇಲೆ ಇವರು ಎದ್ದು, ನಮ್ಮ ಕುಟುಂಬ ನಾಳೆಯಿಂದ ಗ್ಯಾಸ್ ತ್ಯಜಿಸುತ್ತದೆ ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಗುರುಗಳು ಸಂತೋಷದಿಂದ, ಇಂಥ ತ್ಯಾಗಕ್ಕೆ ಒಪ್ಪಿದ ಅವರ ಶ್ರೀಮತಿಯವರೂ ಮೇಲೆ ಬಂದು ಎರಡು ಮಾತಾಡಲಿ ಎಂದರು.

ನಾನು ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿದೆ. ದಿನಾ ನಲವತ್ತು ಮಕ್ಕಳ ಮುಂದೆ ಕೂಗುವವಳಿಗೆ ಮೈಕು ಏನು ಮಹಾ.

"ಗುರುಗಳ ಮಾತು ನನ್ನ ಕಣ್ಣು ತೆರೆಸಿತು," ಎಂದೆ. "ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡುವಾಗ ನನ್ನ ಮನಸ್ಸಿನಲ್ಲಿ ಇರುವುದು ಸಿಟ್ಟು ಮಾತ್ರ. ಇಷ್ಟು ದಿನ ನಮ್ಮನೆಯವರು ಅದನ್ನೇ ಉಂಡಿದ್ದಾರೆ. ನಮ್ಮ ಮನೆಯಲ್ಲಿ ಶುದ್ಧ ಮನಸ್ಸಿನವರು ಅವರೊಬ್ಬರೇ. ಆದ್ದರಿಂದ ನಾಳೆಯಿಂದ ಅಡುಗೆಯನ್ನು ಅವರೇ ಮಾಡುತ್ತಾರೆ, ಕಟ್ಟಿಗೆ ಒಲೆಯಲ್ಲಿ."

ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆಗೆ ಹೋಲಿಸಿದರೆ ಮೊದಲಿನದ್ದು ಏನೂ ಅಲ್ಲ. ಗುರುಗಳು ಇವರ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. 

ಸೋಮವಾರ ಐದಕ್ಕೆ ನಾನೇ ಅವರನ್ನು ಎಬ್ಬಿಸಿದೆ. ಹಿತ್ತಿಲ ಕಡೆ ಮಾಡು ಇಳಿಸಿ ಮಾಡಿದ ಚಾಚಿನಲ್ಲಿ ಅತ್ತೆಯ ಕಾಲದ ಒಲೆ ಇತ್ತು. ನಾನು ಎಷ್ಟೋ ವರ್ಷದ ಮೇಲೆ ಬೆಳಗಾಗುವವರೆಗೆ ಮತ್ತೆ ಮಲಗಿ, ಆರಾಮಾಗಿ ಮಿಂದು, ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳಲು ಕೂತೆ. ಹಿಂದಿನಿಂದ ಹೊಗೆ ಬರುತ್ತಿತ್ತು, ಕೆಮ್ಮು ಬರುತ್ತಿತ್ತು, ಚಹಾ ಮಾತ್ರ ಬರುತ್ತಿರಲಿಲ್ಲ. ಬಿಳಿ ಜುಬ್ಬ ಹಂಡೆಯ ತಳದ ಬಣ್ಣಕ್ಕೆ ತಿರುಗಿತ್ತು. ಅತ್ತೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಊದುಗೊಳವೆ ಮುಂದೆ ನೂಕಿದರು.

"ಊದು ಮಾಣಿ, ಊದು. ಇಷ್ಟು ದಿನ ಪ್ರಾಣಾಯಾಮ ಮಾಡಿದ್ದು ಎಂತಕ್ಕೆ?"

ಏಳೂವರೆಯ ಹೊತ್ತಿಗೆ ಕೆಂಪು ಕಣ್ಣು ಒರೆಸಿಕೊಳ್ಳುತ್ತ ಇವರು ಅಡುಗೆಮನೆಗೆ ನುಗ್ಗಿದರು. ಲೈಟರ್ ಎಲ್ಲಿದೆ ಎಂದು ಅಲ್ಲಿಂದಲೇ ಕೇಳಿದರು. ಮೊಳೆಗೆ ನೇತು ಹಾಕಿದ್ದು, ನಿಮ್ಮ ಕಣ್ಣಿನ ಎದುರೇ ಇದೆ ಎಂದೆ. ಟಿಕ್ ಟಿಕ್ ಎಂದು ಸುಮಾರು ಹೊತ್ತು ಸದ್ದಾಯಿತು. ಬೆಂಕಿ ಹತ್ತಿದ ಸದ್ದಿಲ್ಲ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತೆ. ಇನ್ನೂರು ಜನರ ಎದುರು ಗ್ಯಾಸ್ ತ್ಯಾಗ ಮಾಡಿದ ಮಹಾನುಭಾವರು ಒಲೆಯ ಮುಂದೆ ಬಗ್ಗಿ, ಒಂದೊಂದೇ ನಾಬನ್ನು ಮುಟ್ಟಿ ನೋಡುತ್ತ ಕೇಳಿದರು.

"ಇದ್ನ ಯಾವ ಬದಿಗೆ ತಿರುಗ್ಸವು?"