ಗಂಡಭೇರುಂಡದ ಮೂರನೆಯ ತಲೆ

ಕಲೆಯ ಹುಚ್ಚು ದಡಾರದ ಹಾಗೆ ಚಿಕ್ಕಂದಿನಲ್ಲೇ ಬಂದು ಹೋಗಬೇಕು. ತಲೆ ನರೆಯುವ ಹೊತ್ತಿಗೆ ಬಂದರೆ ಮನೆಯವರಿಗೆಲ್ಲ ಕಷ್ಟ. ನನಗೆ ತಡವಾಗಿಯೇ ಬಂತು, ಬಂದದ್ದು ಅತ್ತೆಯ ಪ್ರಾಣಕ್ಕೆ ಕುತ್ತಾಗುವುದರಲ್ಲಿತ್ತು. ಈಗಲೂ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ಡಸ್ಟರನ್ನು ಮೊದಲು ಸ್ಕೇಲಿನಿಂದ ತಿವಿದು ನೋಡಿ, ಅದು ಅಲ್ಲಾಡಲಿಲ್ಲವೆಂದು ಖಾತ್ರಿಯಾದ ಮೇಲೆ ಎತ್ತಿಕೊಳ್ಳುತ್ತೇನೆ. ಹುಡುಗರು ಇದನ್ನು ಹೊಸ ಬೋಧನಾ ವಿಧಾನವೆಂದು ತಿಳಿದು ಸುಮ್ಮನಿದ್ದಾರೆ.

ಹೊಸನಗರದ ಕಡೆಯವರಾದ ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಒಂದು ದಿನ ಪೆಟ್ಟಿಗೆಯಿಂದ ತಮ್ಮ ಹಳೆಯ ನೂಲಿನ ಸೀರೆಗಳನ್ನೆಲ್ಲ ತೆಗೆದು ನನ್ನ ಮಡಿಲಿಗೆ ಹಾಕಿದರು. "ಒಂದು ಕೌದಿ ಹೊಲಿದು ಕೊಡೇ ಕೂಸೆ. ಸಾಗರದ ಚಳಿಗೆ ಮಂಡಿ ಹಿಡ್ಕತ್ತು. ಅಂಗಡಿ ಕಂಬಳಿ ಚುಚ್ತು" ಎಂದರು. ಒಗೆದು ಒಗೆದು ಬೆಣ್ಣೆಯಂತಾದ ಸೀರೆಗಳು. ಅದರಲ್ಲೊಂದು ನೇರಳೆ ಬಣ್ಣದ್ದು, ಮಾವ ಬದುಕಿದ್ದಾಗ ತೀರ್ಥಹಳ್ಳಿಯಿಂದ ತಂದುಕೊಟ್ಟದ್ದು. ಅದನ್ನು ಮಾತ್ರ ಅವರು ಕೈಯಿಂದ ಎರಡು ಸಲ ಸವರಿ ಕೊಟ್ಟರು. ಕೌದಿಗೆ ಬೇಕಾದದ್ದು ಉದ್ದನೆಯ ನೇರ ಹೊಲಿಗೆ, ಅಷ್ಟೆ. ಆದರೆ ನಾನು ಅದೇ ವಾರ ವಿದ್ಯಾರ್ಥಿಗಳನ್ನು ಕೆಳದಿಗೆ ಕರೆದುಕೊಂಡು ಹೋಗಿ, ದೇವಸ್ಥಾನದ ಚಾವಣಿಯಲ್ಲಿ ಕೆತ್ತಿದ ಗಂಡಭೇರುಂಡವನ್ನು ಕತ್ತು ನೋಯುವವರೆಗೆ ನೋಡಿ ಬಂದಿದ್ದೆ. ಎರಡು ತಲೆ, ಒಂದೇ ಒಡಲು, ಆನೆಯನ್ನೇ ಎತ್ತಿಕೊಂಡು ಹೋಗುವ ಬಲ! ಅತ್ತೆಯ ಮಂಡಿ ಮರೆತೇಹೋಯಿತು.

ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ನಕ್ಷೆ ಬರೆದೆ. ಮೊದಲ ಪ್ರಯತ್ನ ನೋಡಿ ನನ್ನ ಗಂಡ, "ಎರಡು ಕೋಳಿ ಒಂದೇ ಚೀಲದಲ್ಲಿ ಹಾಕಿದಂಗೆ ಕಾಣ್ತು" ಎಂದರು. ಆನೆಗಳು ಹಲಸಿನ ಹಣ್ಣಿನಂತೆ ಬಂದವು. ಸೊಂಡಿಲು ಉದ್ದ ಮಾಡಿದ ಮೇಲೆ ಬಾಲವಿರುವ ಹಲಸಿನ ಹಣ್ಣಾದವು. ಕೊನೆಗೆ ನೇರಳೆ ಸೀರೆಯನ್ನು ಕತ್ತರಿಸಿ ಒಡಲು ಮಾಡಿದೆ. ಕತ್ತರಿ ಓಡುವಾಗ ಅತ್ತೆ ಎದ್ದು ನೀರು ಕುಡಿಯಲು ಹೋದರು. ಅವರಿಗೆ ಬಾಯಾರಿಕೆಯಾಗಿದೆ ಎಂದಷ್ಟೇ ತಿಳಿದೆ.

ಅವರ ತವರಿನಲ್ಲಿ ಒಂದು ಪದ್ಧತಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ನಾಲ್ಕು ಕಾಳು ಅಕ್ಕಿ ಒಳಗೆ ಹಾಕಬೇಕು. "ಹೊಟ್ಟೆ ತುಂಬದ ಕೌದಿ ಬೆಚ್ಚಗೆ ಇರ್ತಿಲ್ಲೆ" ಎಂದು ಅತ್ತೆ ಅಕ್ಕಿ ಡಬ್ಬಿ ತಂದಿಟ್ಟರು. ನಕ್ಷೆ ನೋಡಿ ನಕ್ಕರು: "ಇದಕ್ಕೆ ಎರಡು ಬಾಯಿ ಇದ್ದಲೇ! ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ರೆ ಜಗಳ ಆಡ್ತ." ಅವರು ಹೇಳಿದ್ದು ತಮಾಷೆಗೆ. ನನ್ನೊಳಗಿನ ಕಲಾವಿದೆ ಮಾತ್ರ ನೆಟ್ಟಗಾದಳು. ಎರಡು ಕುತ್ತಿಗೆಯೊಳಗೂ ಅಕ್ಕಿ ತುಂಬಿದರೆ ಅವು ಶಿಲ್ಪದಂತೆ ಉಬ್ಬಿ ನಿಲ್ಲುತ್ತವಲ್ಲ! ನಾಲ್ಕು ಕಾಳಿನ ಪದ್ಧತಿಯನ್ನು ನಾನು ಸೇರುಗಟ್ಟಲೆ ಪಾಲಿಸಿದೆ.

ಮುಗಿದ ಮೇಲೆ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ, ಹೊದೆಯಲು ಕೊಡಲು ಮನಸ್ಸೇ ಬರಲಿಲ್ಲ. ನಡುಮನೆಯಲ್ಲಿ ಕಿಟಕಿಯ ಪಕ್ಕ ಗೋಡೆಗೆ ತೂಗುಹಾಕಿದೆ. ಕೆಳಗಿನ ಅಂಚು ಮರದ ಪೆಟ್ಟಿಗೆಯ ಮೇಲೆ ಕೂತಿತು. "ಗೋಡೆಗೆ ಚಳಿ ಆಗ್ತು ಹೇಳಿ ಹೊದಿಸಿದ್ಯನೇ?" ಎಂದರು ಅತ್ತೆ. ಎಲ್ಲರೂ ನಕ್ಕೆವು. ಆ ರಾತ್ರಿಯೂ ಅವರು ಚುಚ್ಚುವ ಕಂಬಳಿಯನ್ನೇ ಹೊದ್ದು ಮಲಗಿದರು. ಹೊದೆಯುವ ಕೌದಿಯನ್ನು ದಿನಾ ಬೆಳಿಗ್ಗೆ ಅಂಗಳದಲ್ಲಿ ಕೊಡವುತ್ತಾರೆ. ಕಲಾಕೃತಿಯನ್ನು ಯಾರೂ ಕೊಡವುವುದಿಲ್ಲ, ದೂರ ನಿಂತು ನೋಡುತ್ತಾರೆ. ಇಲಿಗಳು ಹತ್ತಿರ ಹೋಗಿ ನೋಡಿದವು.

ತೀರ್ಥಹಳ್ಳಿಯ ಕರಕುಶಲ ಪ್ರದರ್ಶನವೊಂದಕ್ಕೆ ಫೋಟೋ ಕಳಿಸಬೇಕಿತ್ತು. ಕೌದಿಯ ಅಳತೆ ತಿಳಿಯಲೆಂದು ಭಾನುವಾರ ಮಧ್ಯಾಹ್ನ ಅತ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿದೆ. ಅವರು ಸೆರಗು ಸರಿಮಾಡಿಕೊಂಡರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ರೆಕ್ಕೆಯ ಮೇಲೆ ಕೈಯಿಟ್ಟರು. ನನಗೆ ರೇಗಿತು. "ಅತ್ತೆ, ಅಲ್ಲಾಡ್ಬೇಡಿ!" ಎಂದು ಗದರಿದೆ. ಅವರು ಕಂಬದಂತೆ ನಿಂತು ನಕ್ಕರು. ಆಗ ಫೋನಿನ ಪರದೆಯಲ್ಲಿ ಹಕ್ಕಿಯ ಕುತ್ತಿಗೆ ಮಿಸುಕಿತು. ಫೋಕಸ್ ಹೋಯಿತೆಂದುಕೊಂಡೆ. ಮರುಕ್ಷಣ ಎರಡು ತಲೆಗಳ ನಡುವಿನಿಂದ, ಇಲಿ ಕಡಿದ ತೂತಿನಲ್ಲಿ, ನಾನು ಹೊಲಿಯದ ಮೂರನೆಯ ತಲೆಯೊಂದು ಹೊರಗೆ ಬಂತು. ನಾಗರಹಾವು. ಅತ್ತೆಯ ಕಿವಿಯ ಓಲೆಗೂ ಅದರ ಹೆಡೆಗೂ ನಡುವೆ ಒಂದು ಗೇಣು.

ಕೂಗಬೇಕಿತ್ತು. ಹೋಗಿ ಎಳೆದುಕೊಳ್ಳಬೇಕಿತ್ತು. ನಾನು ಮಾಡಿದ್ದು ಇಷ್ಟೇ: ಫೋನ್ ಹಿಡಿದು ನಿಂತೆ. ಫೋಟೋ ಮುಗಿಯಿತೆಂದು ನಾನು ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಅತ್ತೆ ಅಲ್ಲಾಡದೆ, ಪಾಪ, ನಗುತ್ತಲೇ ನಿಂತಿದ್ದರು. ಹಾವು ಅವರ ಭುಜದ ಪಕ್ಕದಲ್ಲೇ ನೇರಳೆ ಸೀರೆಯ ಮೇಲೆ ಇಳಿದು, ಪೆಟ್ಟಿಗೆ ದಾಟಿ, ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ ಹೋಯಿತು. ಅದರ ಬಾಲವನ್ನು ಮಾತ್ರ ಅತ್ತೆ ಕಂಡರು. ನಾನು ನೆಲದ ಮೇಲೆ ಕೂತುಬಿಟ್ಟೆ. ನೀರು ತಂದುಕೊಟ್ಟವರು ಅವರೇ.

ಸಂಜೆ ಗಂಡ ಕೌದಿಯನ್ನು ಕೋಲಿನಿಂದ ಇಳಿಸಿ, ಬಿಚ್ಚಿ, ಅಕ್ಕಿ ಚೆಲ್ಲಿದರು. "ಆನೆ ಹಿಡಿತು, ಇಲಿ ಹಿಡಿತಿಲ್ಲೆ ನಿನ್ನ ಹಕ್ಕಿ" ಎಂದು ಕೋಲನ್ನು ಮೂಲೆಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅತ್ತೆಯಂತೂ ಕಂಡಕಂಡವರಿಗೆಲ್ಲ ಹೇಳತೊಡಗಿದರು: "ಹಾವು ಕಂಡಿದ್ದೇ ನಮ್ಮನೆ ಕೂಸು ಅಲ್ಲಾಡ್ಬೇಡಿ ಹೇಳಿ ಹೇಳ್ತು ನೋಡಿ! ಬೇರೆಯವ್ರಾಗಿದ್ರೆ ಕೂಗಿ ರಂಪ ಮಾಡ್ತಿದ್ದ. ಆನು, ಈ ಮುದುಕಿ, ಇಷ್ಟೊತ್ತಿಗೆ ಹಾರ ಹಾಕ್ಕಂಡು ಫೋಟೋದಲ್ಲಿ ಇರ್ತಿದ್ದಿ." ಹೊಸನಗರದ ಮದುವೆಯೊಂದರಲ್ಲಿ ಪಂಕ್ತಿಯ ಉದ್ದಕ್ಕೂ ಇದೇ ಕಥೆ. "ಅದು ಹಾಗಲ್ಲ ಅತ್ತೆ, ನಾನು ಹೇಳಿದ್ದು ಫೋಟೋಗೆ" ಎಂದೆ. "ಸುಮ್ನಿರೇ, ಹೊಗಳಿದ್ರೆ ನಾಚಿಕೆ ಇವಳಿಗೆ" ಎಂದು ಬೆನ್ನು ತಟ್ಟಿದರು.

ಕೌದಿಗೆ ತೇಪೆ ಹಾಕಿ, ಮೂಲೆಯಲ್ಲಿ ನಾಲ್ಕೇ ಕಾಳು ಅಕ್ಕಿ ಇಟ್ಟು ಹೊಲಿದು ಕೊಟ್ಟಿದ್ದೇನೆ. ಅತ್ತೆ ಈಗ ಅದನ್ನೇ ಹೊದೆಯುತ್ತಾರೆ. ನೇರಳೆ ಒಡಲು ಸರಿಯಾಗಿ ಮಂಡಿಯ ಮೇಲೆ ಬರುತ್ತದೆ. ಅದನ್ನು ದಿನಾ ಕೊಡವುವ ಕೆಲಸ ಮಾತ್ರ ಅವರು ನನಗಲ್ಲದೆ ಬೇರೆ ಯಾರಿಗೂ ಕೊಡುವುದಿಲ್ಲ. "ನೀನೇ ಕೊಡವೇ ಕೂಸೆ. ಒಳಗೆ ಎಂತಾದ್ರೂ ಇದ್ರೂ ನಿಂಗೆ ಧೈರ್ಯ ಇದ್ದು" ಎನ್ನುತ್ತಾರೆ. ಹಾಗಾಗಿ ದಿನಾ ಬೆಳಿಗ್ಗೆ ಅಂಗಳದಲ್ಲಿ ಕೈಯೆರಡನ್ನೂ ಆದಷ್ಟು ದೂರ ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಗಂಡಭೇರುಂಡವನ್ನು ಕೊಡವುತ್ತೇನೆ. ಕಿಟಕಿಯೊಳಗಿನಿಂದ ಅತ್ತೆ ಪಕ್ಕದ ಮನೆಯವರಿಗೆ, "ನೋಡಿ, ಒಂಚೂರಾದ್ರೂ ಹೆದರಿಕೆ ಇದ್ದನ?" ಎನ್ನುವುದು ಕೇಳಿಸುತ್ತದೆ. ನಾನು ಕಣ್ಣು ಬಿಡುವುದಿಲ್ಲ.